ಅಕ್ಕ ಬಾನೆಟ್ ತೆಗೆಸಿದಳು

ಹಳೇ ಕಾರು ಕೊಂಡವರ ಮನೆಯಲ್ಲಿ ಮೊದಲ ವಾರ ಏನು ನಡೆಯುತ್ತದೆ ಎಂಬುದು ನಿಮಗೂ ಗೊತ್ತು. ತೊಳೆಯುತ್ತಾರೆ, ಒರೆಸುತ್ತಾರೆ, ಸೀಟಿಗೆ ಹೊಸ ಕವರು ಹಾಕಿಸುತ್ತಾರೆ. ಎಂಜಿನ್ನಿನ ಒಳಗೆ ಏನಿದೆ ಎಂದು ಕೇಳುವವರು ಕಡಿಮೆ.

ಲಾಂಡ್ರಿಯವನೂ ಹಾಗೆಯೇ ಮಾಡಿದ. ಅಷ್ಟು ದಿನ ಸ್ಕೂಟರಿನ ಮೇಲೆ ಬಟ್ಟೆಗಂಟು ಹೇರಿಕೊಂಡು ಓಡಾಡಿದವನು. ಈಗ ಅಂಗಡಿಯ ಮುಂದೆ ಬೂದು ಬಣ್ಣದ ಕಾರು ನಿಂತಿತ್ತು. ಅವನ ತಾಯಿಯ ಕಣ್ಣಿನ ಪೊರೆ ತೆಗೆಸಿದ್ದರು. ಸೋಮವಾರ ಬೆಟ್ಟದಾಚೆಯ ಆಸ್ಪತ್ರೆಯಲ್ಲಿ ಡಾಕ್ಟರು ಮತ್ತೆ ನೋಡುತ್ತೇನೆ ಎಂದಿದ್ದರು. ಈ ಸಲ ಬಸ್ಸಿನ ನೂಕುನುಗ್ಗಲು ಬೇಡ, ಅಮ್ಮನನ್ನು ನಮ್ಮದೇ ಕಾರಿನಲ್ಲಿ ರಾಣಿಯ ಹಾಗೆ ಕರೆದುಕೊಂಡು ಹೋಗುತ್ತೇನೆ ಎಂದು ಅವನು ಗಿರಾಕಿಗಳಿಗೆಲ್ಲ ಹೇಳಿಕೊಂಡು ಬಂದಿದ್ದ.

ಶನಿವಾರ ಅವನ ಅಕ್ಕ ಬಂದಳು. ಅವಳು ಆಂಬುಲೆನ್ಸ್ ಓಡಿಸುವವಳು. ಆ ಕೆಲಸಕ್ಕೆ ಸೇರಿದಾಗ ಹೆಂಗಸು ಓಡಿಸಿದರೆ ರೋಗಿ ತಲುಪಿದ ಹಾಗೆಯೇ ಎಂದು ನಕ್ಕವರಿದ್ದರು. ಈಗ ಅವರ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಅವಳನ್ನೇ ಕಳಿಸಿ ಎಂದು ಫೋನ್ ಮಾಡುತ್ತಾರೆ. ಮುಂಜಾನೆ ಟೈರು, ಎಣ್ಣೆ, ನೀರು, ಬ್ರೇಕು ನೋಡದೆ ಅವಳು ಗಾಡಿ ಹೊರಡಿಸಿದ್ದನ್ನು ಯಾರೂ ಕಂಡಿಲ್ಲ. ಹಾಗೆಂದು ಜಂಬವಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನಾಚಿಕೆಯೂ ಇಲ್ಲ.

ಅವಳು ಕಾರಿನ ಸುತ್ತ ಒಂದು ಸುತ್ತು ಬಂದು, ಚೆನ್ನಾಗಿ ಇಟ್ಟುಕೊಂಡಿದ್ದೀಯ ಎಂದು ಮನಸಾರೆ ಹೊಗಳಿದಳು. ಆಮೇಲೆ ಕೇಳಿದಳು.

"ಇದರ ಎಂಜಿನ್‌ನಲ್ಲಿ ಇರೋದು ಟೈಮಿಂಗ್ ಚೈನಾ, ಬೆಲ್ಟಾ?"

"ಇದೇನು ಸೈಕಲ್ಲಾ ಅಕ್ಕ, ಚೈನು ಕೇಳೋಕೆ?" ಎಂದು ತಮ್ಮ ನಕ್ಕ.

ಅಕ್ಕ ತಾನೂ ನಕ್ಕು, ಬಿಡಿಸಿ ಹೇಳಿದಳು. ಎಂಜಿನ್ನಿನೊಳಗೆ ಪಿಸ್ಟನ್ನುಗಳು ಮೇಲೆ ಕೆಳಗೆ ಓಡಾಡುತ್ತವೆ. ಗಾಳಿ ಒಳಗೆ ಬಿಡಲು, ಹೊಗೆ ಹೊರಗೆ ಬಿಡಲು ವಾಲ್ವುಗಳು ತೆರೆದು ಮುಚ್ಚುತ್ತವೆ. ಇವೆರಡೂ ಸರದಿ ತಪ್ಪದ ಹಾಗೆ ನೋಡಿಕೊಳ್ಳುವುದು ಟೈಮಿಂಗ್ ಚೈನು, ಇಲ್ಲವೇ ಬೆಲ್ಟು. ಚೈನು ಲೋಹದ್ದು. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಾಯಿಸಿದರೆ ಸಾಮಾನ್ಯವಾಗಿ ಬಹಳ ಕಾಲ ಬಾಳುತ್ತದೆ. ಬೆಲ್ಟು ರಬ್ಬರಿನದು. ಅದಕ್ಕೆ ವಯಸ್ಸಾಗುತ್ತದೆ. ಕಂಪನಿ ಹೇಳಿದ ಕಿಲೋಮೀಟರಿಗೋ ವರ್ಷಕ್ಕೋ, ಯಾವುದು ಮೊದಲು ಬರುತ್ತದೋ ಆಗ, ಬದಲಾಯಿಸಲೇಬೇಕು.

ತಮ್ಮನಿಗೆ ಇದು ದೊಡ್ಡ ವಿಷಯವೆನಿಸಲಿಲ್ಲ. ಲಾಂಡ್ರಿಯ ಮೆಷಿನ್ನಿನ ಬೆಲ್ಟು ಅದೆಷ್ಟು ಸಲ ಹರಿದಿಲ್ಲ, ಹೊಸದು ಹಾಕಿದರೆ ಮತ್ತೆ ತಿರುಗುತ್ತದೆ, ಕಾರಿಗೂ ಅಷ್ಟೇ ತಾನೇ ಎಂದ. ಸಾಲದ್ದಕ್ಕೆ, ಮಾರಿದವನು ಇದರಲ್ಲಿ ಚೈನಿದೆ, ಜನ್ಮದಲ್ಲಿ ಮುಟ್ಟಬೇಕಾಗಿಲ್ಲ ಎಂದು ಹೇಳಿದ್ದನಂತೆ.

"ನಿನ್ನ ಮೆಷಿನ್ ಬೆಲ್ಟು ಹರಿದ್ರೆ ಬಟ್ಟೆ ನೀರಲ್ಲೇ ಇರುತ್ತೆ, ಅಷ್ಟೇ," ಎಂದಳು ಅಕ್ಕ. "ಇದು ಹರಿದ್ರೆ ಎಷ್ಟೋ ಎಂಜಿನ್‌ನಲ್ಲಿ ವಾಲ್ವಿಗೆ ಪಿಸ್ಟನ್ ಬಡಿದು ಒಳಗೆಲ್ಲ ಹಾಳಾಗುತ್ತೆ. ಕಾರು ಓಡ್ತಾ ಇದ್ದ ಹಾಗೇ ಎಂಜಿನ್ ಸತ್ತುಹೋಗುತ್ತೆ. ಸ್ಟೀರಿಂಗ್ ಬಿಗಿಯಾಗುತ್ತೆ, ಬ್ರೇಕೂ ಕಲ್ಲಿನ ಹಾಗಾಗುತ್ತೆ."

ಒಳಗಿನಿಂದ ಬಂದು ಇದನ್ನೆಲ್ಲ ಕೇಳುತ್ತ ನಿಂತಿದ್ದ ಅವನ ಹೆಂಡತಿ, ನೋಡುವುದರಲ್ಲಿ ನಷ್ಟವೇನು ಎಂದಳು. ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದ ತಾಯಿಯೂ ದನಿಗೂಡಿಸಿದಳು. "ನನ್ನ ಕಣ್ಣೇ ಬಿಚ್ಚಿ ನೋಡಿದ್ರಂತೆ. ಕಾರಿಗೇನು ಬಿಡೋ, ನೋಡಲಿ."

ತಮ್ಮ ಬಾನೆಟ್ ಎತ್ತಿದ. ಕಾರು ಬೆಳಗಿನಿಂದ ನಿಂತೇ ಇದ್ದುದರಿಂದ ಎಂಜಿನ್ನು ತಣ್ಣಗಿತ್ತು. ಇಗೋ ಬೆಲ್ಟು ಹೊಸದಾಗಿಯೇ ಇದೆ ಎಂದು ಅವನು ಹೊರಗೆ ಕಾಣುವ ಒಂದು ಪಟ್ಟಿಯನ್ನು ತೋರಿಸಿದ. ಅದು ಬ್ಯಾಟರಿ ಚಾರ್ಜು ಮಾಡುವ, ಎ.ಸಿ. ಓಡಿಸುವ ಬೆಲ್ಟು, ನಾವು ಹುಡುಕುತ್ತಿರುವುದು ಕವರಿನ ಒಳಗಿರುತ್ತದೆ ಎಂದಳು ಅಕ್ಕ. ಎಂಜಿನ್ನಿನ ಪಕ್ಕದಲ್ಲಿ ಕ್ಲಿಪ್ಪು, ಸಣ್ಣ ಬೋಲ್ಟುಗಳಿಂದ ಹಿಡಿದಿದ್ದ ಕಪ್ಪು ಪ್ಲಾಸ್ಟಿಕ್ ಕವರಿತ್ತು. ಚೈನಾಗಿದ್ದರೆ ಆಯಿಲ್ ಸೋರದಂತೆ ಭದ್ರವಾಗಿ ಮುಚ್ಚಿದ ಲೋಹದ ಕವರು ಇರುವುದೇ ಹೆಚ್ಚು.

"ಬೆಲ್ಟೇ ಇರಬೇಕು ಅನ್ಸುತ್ತೆ. ಆದ್ರೆ ಕಣ್ಣಂದಾಜಲ್ಲಿ ನಾನು ಹೇಳಲ್ಲ," ಎಂದಳು.

ಕಾರಿನ ಜೊತೆ ಕೊಡುವ ಕೈಪಿಡಿಯಲ್ಲಿ ಇದು ಇರುತ್ತದೆ. ಆದರೆ ಹಿಂದಿನವರು ಅದನ್ನು ಎಲ್ಲೋ ಕಳೆದಿದ್ದರು. ಅಕ್ಕ ಆರ್‌.ಸಿ. ಕಾರ್ಡಿನಲ್ಲಿದ್ದ ಎಂಜಿನ್ ನಂಬರನ್ನು ತಮ್ಮನ ಕೈಯಲ್ಲೇ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನಿನಲ್ಲಿ ಓದಿಸಿದಳು. ಅಲ್ಲಿಂದ ಉತ್ತರ ಬಂತು: ಇದೇ ಕಾರಿನ ಪೆಟ್ರೋಲ್ ಎಂಜಿನ್ನಿಗೆ ಚೈನು, ಡೀಸೆಲ್ ಎಂಜಿನ್ನಿಗೆ ಬೆಲ್ಟು. ಇವನದು ಡೀಸೆಲ್ಲು, ಬೆಲ್ಟು ಬದಲಾಯಿಸಬೇಕಾದ ಅವಧಿಯೂ ಎಂದೋ ದಾಟಿತ್ತು.

ಮಾರಿದವನಿಗೆ ಫೋನು ಹಚ್ಚಿದರು. ಅವನು ಸುಳ್ಳುಗಾರನೇನಲ್ಲ. ಅವನ ಭಾವನ ಕಾರಿನಲ್ಲಿ ಚೈನಿತ್ತು, ಇದರಲ್ಲೂ ಅದೇ ಇರುತ್ತದೆ ಎಂದುಕೊಂಡಿದ್ದ. ಬೆಲ್ಟು ಬದಲಾಯಿಸಬೇಕು ಎಂದು ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ತಮ್ಮನ ಮುಖ ಸಪ್ಪಗಾಯಿತು. ಆದರೂ ಮಾತು ಬಿಡಲಿಲ್ಲ. "ಇಷ್ಟು ವರ್ಷ ಓಡಿದೆ. ಸೋಮವಾರ ಒಂದಿನ ಓಡಲ್ವಾ?"

"ಓಡಬಹುದು. ನಿಲ್ಲಲೂಬಹುದು. ಅದೇನು ಹೇಳಿ ಕಳಿಸಿ ಹರಿಯಲ್ಲ. ನನ್ನ ಗಾಡೀಲಿ ಮಲಗಿರೋರಿಗೆ 'ಓಡಬಹುದು' ಅನ್ನೋಕೆ ನನಗೆ ಬಾಯಿ ಬರಲ್ಲ. ಅಮ್ಮಂಗೆ ಹೇಗೆ ಹೇಳ್ಲಿ?"

ಹಾಗಾದರೆ ಈಗಲೇ ಗ್ಯಾರೇಜಿಗೆ ಓಡಿಸುತ್ತೇನೆ ಎಂದು ಅವನು ಕೀಲಿ ಎತ್ತಿಕೊಂಡ. ದಾರಿಯಲ್ಲೇ ಹರಿದರೆ ಎಂದು ಅಕ್ಕ ಅದನ್ನೂ ತಡೆದಳು. ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡೇ ಹೋದರು.

ಮೆಕ್ಯಾನಿಕ್ ಕವರು ಬಿಚ್ಚಿ, ಬೆಲ್ಟು ಹೊರತೆಗೆದು ತಮ್ಮನ ಕೈಗೆ ಕೊಟ್ಟ. ಬೆನ್ನ ತುಂಬ ಬಿರುಕು. ಒಂದು ಅಂಚು ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ತಮ್ಮ ಬೆಲ್ಟಿನ ಒಳಬದಿಯ ಒಂದು ಹಲ್ಲನ್ನು ಹೆಬ್ಬೆರಳಿನಿಂದ ಒತ್ತಿದ. ಅದು ಒಣರೊಟ್ಟಿಯ ಚೂರಿನಂತೆ ಕಳಚಿ ಕೆಳಗೆ ಬಿತ್ತು. ಅವನು ಅಕ್ಕನ ಮುಖ ನೋಡಿದ. ನಾನು ಹೇಳಲಿಲ್ಲವಾ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರನ್ನೂ ಜೊತೆಗೇ ಬದಲಾಯಿಸಿ, ನೀರಿನ ಪಂಪನ್ನೂ ಒಮ್ಮೆ ನೋಡಿ ಎಂದು ಮೆಕ್ಯಾನಿಕ್ಕಿಗೆ ಹೇಳುತ್ತಿದ್ದಳು.

ಸೋಮವಾರ ಹೊಸ ಬೆಲ್ಟು ಹಾಕಿಸಿದ ಕಾರಿನಲ್ಲಿ ನಾಲ್ವರೂ ಹೊರಟರು. ಬೆಟ್ಟದ ಇಳಿಜಾರಿನಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ಬೆನ್ನಿಗೇ ತುಂಬಿದ ಲಾರಿ. ಪಕ್ಕಕ್ಕೆ ನಿಲ್ಲಿಸಲು ಒಂದು ಮೊಳ ಜಾಗವಿಲ್ಲ. ಹಿಂದಿನ ಸೀಟಿನಲ್ಲಿ ತಾಯಿ ಸೊಸೆಯ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

"ಅಕ್ಕ, ಇಲ್ಲೇನಾದ್ರೂ ಅದು ಹರಿದಿದ್ರೆ..." ಎಂದ ತಮ್ಮ.

"ಹರಿದಿಲ್ಲವಲ್ಲ. ರಸ್ತೆ ನೋಡು," ಎಂದಳು ಅಕ್ಕ.

ಓದುತ್ತಿರುವ ಅಣ್ಣ ಅಕ್ಕಂದಿರೇ, ನಿಮ್ಮ ಮನೆಯ ಕಾರಿನಲ್ಲಿರುವುದು ಚೈನೋ ಬೆಲ್ಟೋ? ಗೊತ್ತಿಲ್ಲದಿದ್ದರೆ ಇವತ್ತೇ ಕೈಪಿಡಿ ತೆಗೆದು ನೋಡಿ. ಅದು ಕಳೆದಿದ್ದರೆ ಎಂಜಿನ್ ನಂಬರು ಹೇಳಿ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಪಕ್ಕದ ಮನೆಯವರ ಕಾರಿನ ಮಾತು ನಿಮ್ಮ ಕಾರಿಗೆ ನಡೆಯದು. ಬೆಲ್ಟಾದರೆ ಯಾವಾಗ ಬದಲಾಗಿದೆ ಎಂದು ಪತ್ತೆ ಮಾಡಿ. ಪತ್ತೆಯಾಗದಿದ್ದರೆ ಬದಲಾಗಿಲ್ಲ ಎಂದೇ ತಿಳಿಯಿರಿ. ಚೈನಾದರೆ ಆಯಿಲ್ ಬದಲಾಯಿಸುವುದನ್ನು ಮುಂದೂಡಬೇಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಲಗಲ ಸದ್ದು ಬಂದರೆ ಮೆಕ್ಯಾನಿಕ್ಕಿಗೆ ತೋರಿಸಿ. ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ನಿಮ್ಮನ್ನೇ ನಂಬಿಕೊಂಡು ನಿದ್ದೆ ಮಾಡುವವರಿದ್ದಾರೆ.