ಒಳಮನಿಯ ಬಾಗಿಲು

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗುರುಸಂಗಪ್ಪನವರ ಸೀರೆ ಅಂಗಡಿ. ಮಾಳಿಗೆಯ ಮೇಲೆ ಕೈಮಗ್ಗದ ಸೀರೆಗಳ ಗಂಟು ಒಟ್ಟುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಅಲ್ಲೊಂದು ಸರ್ವರ್ ಕೂಡಿಸಿದ್ದರು. ಅದನ್ನು ನೋಡಿಕೊಳ್ಳುವವಳು ಜಬೀನ. ರೋಣ ಮತ್ತು ನರಗುಂದದಲ್ಲಿದ್ದ ಅವರವೇ ಅಂಗಡಿಗಳವರೂ ಸೇರಿ ಎಲ್ಲರ ಮೇಲ್, ಸೀರೆಗಳ ಫೋಟೋ, ಫೋನಿನಲ್ಲಿ ನಡೆಯುವ ಮಾತುಕತೆಯ ಗುಂಪುಗಳು, ಎಲ್ಲವೂ ಆ ಒಂದೇ ಪೆಟ್ಟಿಗೆಯೊಳಗೆ. ಪೆಟ್ಟಿಗೆ ಒಂದಾದರೂ ಅದರೊಳಗೆ ಜಬೀನ ಬೇರೆ ಬೇರೆ ವರ್ಚುವಲ್ ಮಷೀನುಗಳನ್ನು ಮಾಡಿದ್ದಳು. ಕೈಗೆ ಸಿಗದ, ಸಾಫ್ಟ್‌ವೇರಿನಲ್ಲಷ್ಟೇ ಇರುವ ಯಂತ್ರಗಳು. ಒಂದು ಕೆಟ್ಟರೆ ಉಳಿದವು ನಿಲ್ಲುವುದಿಲ್ಲ. ಬೇಕೆಂದರೆ ಒಂದನ್ನು ಇದ್ದಂತೆಯೇ ನಕಲು ತೆಗೆದು ಪಕ್ಕದಲ್ಲಿ ಇನ್ನೊಂದಾಗಿ ಎಬ್ಬಿಸಬಹುದು.

ಜಬೀನಳ ಕೈಗಳ ಮೇಲೆ, ತುಟಿಯ ಸುತ್ತ ಬಿಳಿ ಮಚ್ಚೆಗಳಿದ್ದವು. ಸಾಲಿ ಕಲಿತು ಮುಗಿಸುವ ವಯಸ್ಸಿಗೆ ಶುರುವಾದ ತೊನ್ನು. ಅಂಟುವ ರೋಗವಲ್ಲ ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಅಂಗಡಿಯಲ್ಲಿ ಯಾರೂ ಎದುರಿಗೆ ಏನೂ ಅನ್ನುತ್ತಿರಲಿಲ್ಲ. ಮ್ಯಾನೇಜರ್ ಅಮರೇಶನಂತೂ ‘ಜಬೀನಾ ಮೇಡಂ’ ಎಂದೇ ಕರೆಯುತ್ತಿದ್ದ. ಅವಳ ಎದುರು ಊಟಕ್ಕೆ ಕೂಡುವವರು ಮಾತ್ರ ಇರಲಿಲ್ಲ.

ನರಗುಂದದ ಅಂಗಡಿಯ ಪೂಜಾ ಒಬ್ಬಳು ಬೇರೆ. ಅಲ್ಲಿನ ಕಂಪ್ಯೂಟರ್ ನೋಡಲು ಜಬೀನ ಹೋದಾಗಲೆಲ್ಲ ಪೂಜಾ ತನ್ನ ಬುತ್ತಿ ಬಿಚ್ಚಿ, ಕೇಳದೆಯೇ ರೊಟ್ಟಿ ಮುರಿದು ಅವಳ ಕೈಗೆ ಕೊಡುತ್ತಿದ್ದಳು. ಅದೇ ಬೆರಳುಗಳಿಂದ ತಾನೂ ತಿನ್ನುತ್ತಿದ್ದಳು. ಪೂಜಾಳಿಗೆ ಅಸೂಟಿಯ ಹುಡುಗನೊಂದಿಗೆ ನಿಶ್ಚಯವಾಗಿತ್ತು. ಹುಡುಗನ ಸೋದರಮಾವ ಬಸವಪ್ರಸಾದ ರೋಣದ ಅಂಗಡಿಯಲ್ಲೇ ಮಾರಾಟಕ್ಕಿದ್ದ. ಸಂಬಂಧ ಕೂಡಿಸಿದವನೂ ಅವನೇ.

ಶ್ರಾವಣದ ವ್ಯಾಪಾರ ಹತ್ತಿರ ಬಂದಾಗ ಮಾತುಕತೆಯ ಮಷೀನು ತುಂಬಿ ನಿಧಾನವಾಯಿತು. ದೊಡ್ಡದೊಂದು ಮಷೀನು ಮಾಡಿ ಎಲ್ಲವನ್ನೂ ಅದಕ್ಕೆ ಸಾಗಿಸಬೇಕು ಎಂದು ಜಬೀನ ಕೇಳಿದಳು, ಗುರುಸಂಗಪ್ಪ ಒಪ್ಪಿದರು. ಅಂಗಡಿಗೆ ರಜೆಯಿದ್ದ ದಿನ ಅವಳೊಬ್ಬಳೇ ಬಂದು ಮೊದಲು ನಕಲು ಎಬ್ಬಿಸಿದಳು. ಎಲ್ಲ ಸರಿಯಾಗಿ ಬಂದಿದೆಯೇ ಎಂದು ನೋಡಲು ಗುಂಪುಗಳನ್ನು ಒಂದೊಂದಾಗಿ ತೆರೆದಳು. ಅವುಗಳ ನಡುವೆ ಅವಳು ಕೇಳಿಯೇ ಇರದ ಒಂದು ಗುಂಪಿತ್ತು. ಹೆಸರು ‘ಒಳಮನಿ’; ಬೀಗ ಹಾಕಿದ್ದ, ಒಳಗಿದ್ದವರಿಗಷ್ಟೇ ಕಾಣುವ ಗುಂಪು. ಕಟ್ಟಿದವನು ಅಮರೇಶ. ಮೂರೂ ಅಂಗಡಿಯ ಹತ್ತಾರು ಮಂದಿ ಅದರಲ್ಲಿದ್ದರು. ಪೂಜಾ ಇರಲಿಲ್ಲ, ಬಸವಪ್ರಸಾದನೂ ಇರಲಿಲ್ಲ.

ಎದುರಿಗಿದ್ದ ಮೊದಲ ಸಾಲು: ‘ಸುಣ್ಣದ ಗ್ವಾಡಿ ಇವತ್ತ ನರಗುಂದಕ್ಕ ಹೊಂಟೈತಿ, ಮುಟ್ಟೀರಿ, ಕೈಗೆ ಹತ್ತೀತು.’

ಸುಣ್ಣ ಬಳಿದ ಗೋಡೆ ಎಂದು ತನ್ನನ್ನೇ ಅಂದದ್ದು ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ‘ಸುಣ್ಣ’ ಎಂಬ ಶಬ್ದ ಹಾಕಿ ಹುಡುಕಿದಳು. ಎರಡು ವರ್ಷದ ಮಾತುಗಳು ಬಂದು ಬಿದ್ದವು. ಅವಳು ಕುಡಿದ ಕಪ್ಪನ್ನು ಹಿತ್ತಲಿಗೆ ಎಸೆದ ಫೋಟೋ. ಅವಳ ನಿಕಾಹ ಯಾರ ಜೊತೆ ಆಗಬಹುದು ಎಂಬ ಪಂದ್ಯ. ಅದಕ್ಕೊಬ್ಬ ಕತ್ತೆಯ ಚಿತ್ರ ಹಾಕಿದ್ದ, ಕೆಳಗೆ ನಗುವ ಮುಖಗಳ ಸಾಲು. ‘ಸುಣ್ಣ’ ಇದ್ದ ಒಂದೊಂದು ಸಾಲನ್ನೂ ಅವಳು ಓದಿದಳು. ಬೇರೆ ಯಾವುದನ್ನೂ ಓದಲಿಲ್ಲ.

ಅತ್ತಳೋ ಇಲ್ಲವೋ, ನೋಡಿದವರಿಲ್ಲ. ಕೆಲಸ ಮಾತ್ರ ನಿಲ್ಲಿಸಲಿಲ್ಲ. ಎಲ್ಲವನ್ನೂ ಹೊಸ ಮಷೀನಿಗೆ ಸಾಗಿಸಿ, ಕೊನೆಗೆ ‘ಒಳಮನಿ’ಯ ಬೀಗ ತೆಗೆದು ಅದನ್ನು ಎಲ್ಲರಿಗೂ ಕಾಣುವ ಗುಂಪು ಮಾಡಿದಳು. ಸಾಗಿಸುವಾಗ ಹೀಗಾಯಿತು ಎಂದರೆ ಯಾರೂ ಪ್ರಶ್ನೆ ಮಾಡುವಂತಿರಲಿಲ್ಲ. ಮರುದಿನ ಅಮರೇಶನ ಮುಖ ಹೇಗಾಗುತ್ತದೆ ಎಂದು ನೆನೆಯುತ್ತ ಮನೆಗೆ ನಡೆದಳು.

ಮರುದಿನ ಅಂಗಡಿ ತೆರೆದಾಗ ಎಲ್ಲರ ಫೋನಿನಲ್ಲೂ ಹೊಸ ಗುಂಪು. ಜಬೀನ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡುತ್ತಿದ್ದಳು. ಅಮರೇಶ ಒಂದು ಗಳಿಗೆ ಬೆವರಿದ. ಆಮೇಲೆ ಯಾರೋ ಕತ್ತೆಯ ಚಿತ್ರ ಕಂಡು ಕಿಸಕ್ಕೆಂದರು. ಇನ್ನೊಬ್ಬರು ನಕ್ಕರು. ಅಮರೇಶನೂ ನಕ್ಕುಬಿಟ್ಟ. ಮೇಲೆ ಬಂದು, ಹುಡುಗಾಟಿಕೆಗೆ ಬರೆದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಮೇಡಂ ಎಂದು ಹೇಳಿ ಇಳಿದು ಹೋದ. ಅಷ್ಟಕ್ಕೇ ಮುಗಿಯಿತು. ಇಷ್ಟು ದಿನ ಗುಟ್ಟಾಗಿ ಇದ್ದ ಹೆಸರು ಅಂದಿನಿಂದ ಓಣಿಯ ಚಹಾದ ಅಂಗಡಿಗೂ ಗೊತ್ತಾಯಿತು.

ಮಧ್ಯಾಹ್ನ ಪೂಜಾಳ ಫೋನು ಬಂತು. ಪಿಸುಗುಟ್ಟುತ್ತಿದ್ದಳು.

“ಜಬೀನಾ, ಆ ಗುಂಪು ತಗಿ. ಈಗಿಂದೀಗ ತಗಿ.”

ಯಾಕೆ ಎಂದು ಕೇಳುತ್ತಲೇ ಜಬೀನ ಪೂಜಾಳ ಹೆಸರು ಹಾಕಿ ಹುಡುಕಿದಳು. ನರಗುಂದದ ಹಿರಿಯ ಹೆಂಗಸು ಹೊನ್ನವ್ವ ಬರೆದಿದ್ದಳು: ‘ನಮ್ಮ ಪೂಜಾಗ ಫಿಟ್ಸ್ ಬರ್ತಾವ. ಊಟಾದ ಮ್ಯಾಲ ಗುಳಿಗಿ ನುಂಗೂದು ನಾನ ನೋಡೀನಿ. ಅಸೂಟಿಯವರಿಗೆ ಹೇಳಿಲ್ಲಂತ. ಲಗ್ನಾದ ಮ್ಯಾಲ ಗಂಡ ನೋಡ್ಕೋತಾನ ಬಿಡ್ರಿ.’ ಅದಕ್ಕೂ ನಗುವ ಮುಖಗಳಿದ್ದವು.

ಜಬೀನ ಕೂಡಲೇ ಗುಂಪನ್ನು ಅಳಿಸಿದಳು. ಅಷ್ಟು ಹೊತ್ತಿಗೆ ರೋಣದಲ್ಲಿ ಬಸವಪ್ರಸಾದ ಆ ಸಾಲಿನ ಫೋಟೋ ಹಿಡಿದು ಹುಡುಗನ ತಾಯಿಗೆ, ತನ್ನ ಅಕ್ಕನಿಗೆ, ಕಳಿಸಿಯಾಗಿತ್ತು. ಸಂಜೆಯೊಳಗೆ ಅಸೂಟಿಯಿಂದ ಪೂಜಾಳ ತಂದೆಗೆ ಮಾತು ಬಂತು. ಮೋಸ ಮಾಡಿದಿರಿ, ಸಂಬಂಧ ಬೇಡ ಎಂದರಂತೆ.

ಎರಡು ದಿನ ಬಿಟ್ಟು ಪೂಜಾ ಗಜೇಂದ್ರಗಡಕ್ಕೆ ಬಂದಳು. ಮಾಲೀಕರು ಕರೆಸಿದ್ದರು. ಅವರನ್ನು ಕಾಣುವ ಮೊದಲು ಮಾಳಿಗೆ ಹತ್ತಿ ಸರ್ವರಿನ ಕೋಣೆಗೆ ಬಂದು, ನೆಲದ ಮೇಲೆ ಗೋಡೆಗೊರಗಿ ಕುಳಿತಳು. ನಿಶ್ಚಯದ ದಿನ ತೊಟ್ಟಿದ್ದ ಬಳೆ ತೆಗೆದಿದ್ದಳು. ಕೈ ಬೋಳಾಗಿತ್ತು.

“ಇದು ಹ್ಯಾಂಗ ಆತು?” ಎಂದು ಕೇಳಿದಳು.

ಜಬೀನ ಪರದೆಯ ಕಡೆಗೇ ಮುಖ ಮಾಡಿ, “ಮಷೀನ ಬದಲ ಮಾಡೂ ಮುಂದ ತಪ್ಪಾತು” ಎಂದಳು.

ಪೂಜಾ ತಲೆಯಾಡಿಸಿದಳು. ಅವಳಿಗೆ ಅನುಮಾನವೇ ಬರಲಿಲ್ಲ. “ನಿನ್ನ ಬಗ್ಗೆ ಬರದದ್ದೂ ಓದೀನಿ. ಅಂಥಾ ಮಂದಿ ಜೋಡಿ ಹ್ಯಾಂಗ ಕೆಲಸ ಮಾಡ್ತೀ ನೀ? ನಂದರ ಹೋಗ್ಲಿ, ನಿನಗ ದಿನಾ ಇರೂದು” ಎಂದಳು.

ಹೇಳಿಬಿಡಬೇಕು ಎಂದು ಜಬೀನಳಿಗೆ ಅನಿಸಿತು. ಆದರೆ ಈ ಊರಿನಲ್ಲಿ ತನ್ನ ಬಗ್ಗೆ ಹೀಗೆ ಕೇಳುವವಳು ಇವಳೊಬ್ಬಳೇ, ಹೇಳಿದರೆ ಇವಳೂ ಇಲ್ಲ ಎಂಬುದು ನೆನಪಾಯಿತು. ನೀರು ಬೇಕೇ ಎಂದು ಕೇಳಿದಳು.

ಪೂಜಾ ಕೆಳಗೆ ಹೋದ ಸ್ವಲ್ಪ ಹೊತ್ತಿಗೆ ಜಬೀನಳಿಗೂ ಕರೆ ಬಂತು. ಅವಳು ಒಳಗೆ ಹೋಗುವಾಗ ಪೂಜಾ ಹೊರಗೆ ಬರುತ್ತಿದ್ದಳು. ಗಿರಾಕಿಗಳ ಮುಂದೆ ಫಿಟ್ಸ್ ಬಂದು ಬಿದ್ದರೆ ಅಂಗಡಿಗೆ ಕೆಟ್ಟ ಹೆಸರು, ನಾಳೆಯಿಂದ ಬರುವುದು ಬೇಡ ಎಂದು ಅವಳಿಗೆ ಹೇಳಿದ್ದರು. ಜಬೀನಳನ್ನು ದಾಟುವಾಗ ಪೂಜಾ ಅವಳ ಮೊಣಕೈಯನ್ನು ಮೆತ್ತಗೆ ಒತ್ತಿ ಹೋದಳು.

ಗುರುಸಂಗಪ್ಪ ಬಾಗಿಲು ಮುಚ್ಚಲು ಹೇಳಿದರು. ಸಿಟ್ಟಾಗಿರಲಿಲ್ಲ. ಉಳಿದೆಲ್ಲ ಗುಂಪಿನ ಬೀಗ ಬೀಗವಾಗಿಯೇ ಉಳಿದು, ಇದೊಂದೇ ತೆರೆದದ್ದು ಹೇಗೆ ಎಂದು ಕಂಪ್ಯೂಟರ್ ಬಲ್ಲ ಮಗನಿಂದ ಕೇಳಿ ತಿಳಿದುಕೊಂಡಿದ್ದರು.

“ತಪ್ಪಲ್ಲ ಅದು. ನೀ ಮಾಡಿದ್ದು” ಎಂದರು. “ಹೆದರಬ್ಯಾಡ. ನಾ ಯಾರಿಗೂ ಹೇಳಾಂವಲ್ಲ. ಇಂಥಾ ಗುಂಪು ಇನ್ನ ಎಷ್ಟ ಅದಾವ? ಅವ್ರು ನನ್ನ ಬಗ್ಗೆ ಏನ ಮಾತಾಡ್ತಾರ, ಅದನ್ನ ನೀ ಓದಿ ಬಂದು ನನಗ ಹೇಳ್ತಿರಬೇಕು.”

ಅದು ಸರಿಯಲ್ಲ ಎಂದು ಅವಳು ಅಂದಳು. ಹಾಗಾದರೆ ಪೂಜಾ ಇನ್ನೂ ಬಸ್‌ಸ್ಟ್ಯಾಂಡಿನಲ್ಲೇ ಇರುತ್ತಾಳೆ, ಕರೆಸಿ ಖರೇ ಹೇಳಲೇ ಎಂದು ಅವರು ಕೇಳಿದರು. ಅದನ್ನೂ ಸಿಟ್ಟಿಲ್ಲದೆ, ಚಹಾ ತರಿಸಲೇ ಎಂದು ಕೇಳುವವರ ಹಾಗೆ ಕೇಳಿದರು.

“ಬ್ಯಾಡ್ರಿ” ಎಂದಳು ಜಬೀನ.

ಮೇಲೆ ಬಂದು ಮೊದಲು ಪೂಜಾಳ ಖಾತೆ ಮುಚ್ಚಿದಳು. ಅದೂ ಅವಳದೇ ಕೆಲಸ. ನರಗುಂದದ ಬಸ್ಸು ಕಾಯುತ್ತ ಕುಳಿತಿದ್ದ ಪೂಜಾಳಿಗೆ ಫೋನಿನಲ್ಲಿ ಎಲ್ಲ ಗುಂಪುಗಳೂ ಒಮ್ಮೆಲೇ ಮಾಯವಾದದ್ದು ಕಂಡಿರಬೇಕು. ಅವಳೇ ಕರೆ ಮಾಡಿ, ಅಂಗಡಿಯ ಕೀಲಿಕೈ ತನ್ನ ಹತ್ತಿರವೇ ಉಳಿದಿದೆ, ಯಾರ ಕೈಯಲ್ಲಿ ಕೊಡಲಿ ಎಂದು ಕೇಳಿದಳು. ಹೊನ್ನವ್ವನಿಗೆ ಕೊಡು ಎಂದು ಜಬೀನ ಹೇಳಿದಳು. ಪೂಜಾ ಹೂಂ ಎಂದಳು.

ಫೋನು ಕೆಳಗಿಟ್ಟು ಜಬೀನ ರೋಣದ ಅಂಗಡಿಯವರ ಗುಂಪು ತೆರೆದು, ಮೊದಲಿನಿಂದ ಓದತೊಡಗಿದಳು.