ಗಿಡ್ಡ ತೋಳಿನ ಕೋಟು

ತಂಗಿಯ ಮದುವೆಗೆ ಎರಡೂ ಮನೆಯವರ ಬಟ್ಟೆ ಹೊಲಿಯುವ ಕೆಲಸ ಅಕ್ಕನ ತಲೆಗೇ ಬಂತು. ಮನೆಯಲ್ಲೇ ದರ್ಜಿ ಇರುವಾಗ ಹೊರಗೆ ಕೊಡುವುದುಂಟೇ ಎಂದು ಸೋದರತ್ತೆ ಹೇಳಿದ್ದೇ ತಡ, ಬಟ್ಟೆಯ ಗಂಟುಗಳು ಅಂಗಡಿಯ ಸೂರು ಮುಟ್ಟಿದವು. ಅಕ್ಕ ಗೊಣಗಲಿಲ್ಲ. ಅವಳು ಹೊಲಿದದ್ದನ್ನು ಸರಿ ಮಾಡಿಸಲು ಇದುವರೆಗೆ ಯಾರೂ ಮರಳಿ ಬಂದದ್ದಿಲ್ಲ. ಆ ಹೆಸರು ಗಳಿಸಲು ಕಣ್ಣು, ಬೆನ್ನು ಎರಡನ್ನೂ ಸವೆಸಿದ್ದಳು.

ಆ ಹೆಸರೇ ಈಗ ಮುಳುವಾಯಿತು. ಮದುವೆ ಗಂಡಿನ ಅಣ್ಣ ಕೋಟಿಗೆ ಅಳತೆ ಕೊಡಲು ಬಂದ. ಬೇರೆ ಊರಿನಲ್ಲಿ ಬಡಗಿ. ಮದುವೆಯ ಮರುದಿನ ಹೊರಡುವವನು. ಟೇಪು ಹಿಡಿದಾಗ ಉಸಿರು ಕಟ್ಟಿಕೊಂಡು ಹಲಗೆಯ ಹಾಗೆ ನಿಂತ. ಆಮೇಲೆ ಕತ್ತರಿಸುವ ಮೇಜು ಅಲುಗಾಡುವುದನ್ನು ನೋಡಿ, ಯಾರೂ ಕೇಳದೆಯೇ ಅದರ ಕೆಳಗೆ ನುಸುಳಿ ಕಾಲು ಬಿಗಿ ಮಾಡಿದ. ಅಕ್ಕನಿಗೆ ಅವನು ಇಷ್ಟವಾದ. ಸುತ್ತಿ ಬಳಸಿ ಹೇಳುವುದೇನೂ ಇಲ್ಲ, ಇಷ್ಟವಾದ, ಅಷ್ಟೆ. ಆದರೆ ಕೋಟು ಸರಿಯಾಗಿ ಕೂತರೆ ಅವನು ಮತ್ತೆ ಅಂಗಡಿಯ ಮೆಟ್ಟಿಲು ಹತ್ತಲು ಕಾರಣವೇ ಇರುವುದಿಲ್ಲ. ಮದುವೆಮನೆಯ ಗದ್ದಲದಲ್ಲಿ ಎರಡು ಮಾತಾಡುವುದಂತೂ ದೂರದ ಮಾತು.

ಹಾಗಾಗಿ ಅವಳು ಜನ್ಮದಲ್ಲಿ ಮಾಡದ ಕೆಲಸ ಮಾಡಿದಳು. ತೋಳಿನ ಬಟ್ಟೆಯನ್ನು ಎರಡು ಬೆರಳಷ್ಟು ಒಳಕ್ಕೆ ಮಡಚಿ ಹೊಲಿದಳು. ಹಾಕಿ ನೋಡುತ್ತಾನೆ, ಗಿಡ್ಡ ಅನ್ನುತ್ತಾನೆ, ಬಿಟ್ಟು ಹೋಗುತ್ತಾನೆ, ಮತ್ತೆ ಬರುತ್ತಾನೆ. ಲೆಕ್ಕಾಚಾರವೇನೋ ಚೆನ್ನಾಗಿತ್ತು.

ಅವನು ಬಂದ, ಕನ್ನಡಿಯ ಮುಂದೆ ನಿಂತು ಕೈ ಚಾಚಿದ, ಮಣಿಕಟ್ಟು ನೋಡಿಕೊಂಡ. ಬಹಳ ಚೆನ್ನಾಗಿದೆ ಎಂದು ಹೇಳಿ ಕೋಟನ್ನು ಕಾಗದದಲ್ಲಿ ಸುತ್ತಿಸಿಕೊಂಡು ಹೊರಟೇಬಿಟ್ಟ.

ಮದುವೆಯ ದಿನ ಫೋಟೋದವನು ಅಣ್ಣತಮ್ಮಂದಿರನ್ನು ಪಕ್ಕದಲ್ಲಿ ನಿಲ್ಲಿಸಿ, ಹೆಗಲ ಮೇಲೆ ಕೈ ಹಾಕಿ ಎಂದ. ಕೋಟಿನ ತೋಳು ಸರ್ರನೆ ಮೇಲೇರಿ ಅರ್ಧ ಮುಂಗೈ ಬಯಲಾಯಿತು. ಸೋದರತ್ತೆಯ ಕಣ್ಣಿಗೆ ಬೀಳದೆ ಹೋಗುವಂಥದ್ದು ಯಾವುದಿದೆ? ಇಷ್ಟುದ್ದದ ಮನುಷ್ಯನಿಗೆ ಮಗುವಿನ ಕೋಟು ಹೊಲಿದೆಯಲ್ಲೇ ಎಂದು ಇಡೀ ಸಭಾಂಗಣಕ್ಕೆ ಕೇಳುವ ಹಾಗೆ ಅಕ್ಕನನ್ನು ತರಾಟೆಗೆ ತೆಗೆದುಕೊಂಡರು. ತಟ್ಟೆ ಹಿಡಿದವರೆಲ್ಲ ತಿರುಗಿದರು. ಅವರಲ್ಲಿ ಅರ್ಧಕ್ಕರ್ಧ ಅವಳ ಗಿರಾಕಿಗಳು.

ಬಡಗಿ ಕೂಡಲೇ ಅಡ್ಡ ಬಂದ. ಅಳತೆ ಕೊಡುವಾಗ ಕೈ ಮಡಚಿಕೊಂಡದ್ದು ತಾನೇ, ತಪ್ಪು ತನ್ನದೇ ಎಂದ. ಕೈ ಮಡಚಿ ಅಳೆದರೆ ತೋಳು ಉದ್ದವಾಗುತ್ತದೆಯೇ ಹೊರತು ಗಿಡ್ಡವಾಗುವುದಿಲ್ಲ. ಅದು ಅಲ್ಲಿ ಅಕ್ಕನೊಬ್ಬಳಿಗೇ ಗೊತ್ತು. ಅತ್ತೆ ನಂಬಿದರು, ಗಿರಾಕಿಗಳೂ ನಂಬಿದರು, ಹೆಸರು ಉಳಿಯಿತು. ಅವಳು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು; ಬೆಳಗಾದರೆ ಅವನು ರೈಲು ಹತ್ತುತ್ತಿದ್ದ.

“ಅವ್ರು ಕೈ ಮಡಚಿರ್ಲಿಲ್ಲ ಅತ್ತೆ,” ಎಂದಳು. “ನಾನೇ ಬೇಕಂತ ಗಿಡ್ಡ ಮಾಡಿದ್ದು. ಸರಿ ಮಾಡಿಸ್ಕೊಳ್ಳೋಕೆ ಇನ್ನೊಂದ್ಸಲ ಬರ್ಲಿ ಅಂತ.”

ಅತ್ತೆ ಹತ್ತಿರದ ಕುರ್ಚಿ ಎಳೆದುಕೊಂಡು ಕೂತರು. ತಂಗಿ ಹೂಗುಚ್ಛದ ಹಿಂದೆ ಮುಖ ಮರೆಮಾಡಿಕೊಂಡು ನಕ್ಕಳು. ಬಡಗಿಯ ಕಿವಿಗಳು ಕೆಂಪಾಗಿದ್ದವು.

“ಕನ್ನಡಿ ಮುಂದೆ ನಿಂತಾಗ್ಲೇ ಗೊತ್ತಾಯ್ತು,” ಎಂದ. “ಹೇಳಿದ್ರೆ ನಿಮಗೆ ಬೇಜಾರಾಗುತ್ತೇನೋ ಅಂತ ಸುಮ್ನಾದೆ. ಆಮೇಲೆ ದಿನಾ ನಿಮ್ಮ ಬೀದೀಲೇ ಓಡಾಡ್ದೆ. ಒಳಗೆ ಬರೋಕೆ ಒಂದು ನೆಪ ಸಿಗ್ಲಿಲ್ಲ.”

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಇದನ್ನು ಸರಿ ಮಾಡಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವನು ಕೇಳಿದ. ಹೊಲಿಗೆ ಬಿಚ್ಚಿ ಇಸ್ತ್ರಿ ಹಾಕಿದರೆ ಅರ್ಧ ಗಂಟೆಯ ಕೆಲಸ ಎಂದು ಅವಳಿಗೆ ಗೊತ್ತು.

“ಒಂದು ತೋಳು ನಾಳೆ ಬಿಚ್ತೀನಿ,” ಎಂದಳು ಅಕ್ಕ. “ಇನ್ನೊಂದರದ್ದು ಆಮೇಲೆ ನೋಡೋಣ.”

ಬೆಳಗಿನ ರೈಲಿನ ಮಾತನ್ನೇ ಎತ್ತದೆ ಅವನು ಅಲ್ಲೇ ಕೋಟು ಬಿಚ್ಚಿ ಅವಳ ಕೈಗೆ ಕೊಟ್ಟ.