ನೀಲಿ ಬಳಿದ ದೇಶ

ಬೆಳಗಿನ ಹಾಲು ಕರೆದು, ಯಂತ್ರದ ಕೊಳವೆಗಳನ್ನು ಬಿಸಿನೀರಿನಲ್ಲಿ ತೊಳೆದು, ನೂರಾ ಹತ್ತು ಹಸುಗಳ ಸಗಣಿ ಬಳಿದು ಮುಗಿಸುವ ಹೊತ್ತಿಗೆ ಮಗಳಿಗೆ ಹನ್ನೊಂದು ಗಂಟೆಯಾಯಿತು. ಅರ್ಧ ದಿನ ರಜೆ ಕೇಳಿದ್ದಕ್ಕೆ ಮೇಸ್ತ್ರಿ ಮುಖ ಗಂಟು ಹಾಕಿದ.

"ನಿಮ್ಮಮ್ಮನ ಕಾಲನ್ನ ಆಸ್ಪತ್ರೆಯೋರು ನೋಡ್ಕೋತಾರೆ. ನಿನ್ನ ಹಸುಗಳನ್ನ ಯಾರು ನೋಡ್ಕೋತಾರೆ?"

"ನೀನಿದ್ದೀಯಲ್ಲ, ಕೊಂಬಿಲ್ಲದ ಕೋಣ," ಎಂದು ಅವಳು ತನ್ನ ಊರಿನ ಮಾತಿನಲ್ಲಿ ನಗುನಗುತ್ತ ಹೇಳಿದಳು. ಥ್ಯಾಂಕ್ಸ್ ಅಂದಳೆಂದು ತಿಳಿದು ಅವನು ತಲೆಯಾಡಿಸಿದ. ಅವಳು ಈ ದೇಶಕ್ಕೆ ಬಂದ ಒಂಬತ್ತು ವರ್ಷದಿಂದ ಹೀಗೆಯೇ ನಡೆದಿತ್ತು. ಇಲ್ಲಿನ ಭಾಷೆಯನ್ನು ಅವಳು ಕಲಿತದ್ದು ಇದೇ ದೊಡ್ಡಿಯಲ್ಲಿ, ಇವನ ಬಾಯಿಂದ. ಹಾಗಾಗಿ ಅದರಲ್ಲಿ ಅವಳಿಗೆ ನಯದ ಮಾತು ಕಡಿಮೆ ಬರುತ್ತಿತ್ತು, ಬೈಗುಳಕ್ಕೆ ಕೊರತೆ ಇರಲಿಲ್ಲ.

ಎರಡು ಬಸ್ಸು ಬದಲಿಸಿ ಆಸ್ಪತ್ರೆಯ ಮೂರನೇ ಮಹಡಿ ಹತ್ತಿದಾಗ ಅಮ್ಮ ದಿಂಬಿನ ಮೇಲೆ ಎಡಗಾಲು ಚಾಚಿ ಕೂತಿದ್ದಳು. ಹಿಮ್ಮಡಿಯ ಹುಣ್ಣು ವಾಸಿಯಾಗದೆ ನಾಲ್ಕು ದಿನದ ಕೆಳಗೆ ಅವಳನ್ನು ಇಲ್ಲಿ ಸೇರಿಸಿದ್ದು. ಈಗ ಮೊಣಕಾಲಿನಿಂದ ಒಂದು ಗೇಣು ಕೆಳಗೆ, ಕಾಲಿನ ಸುತ್ತ, ದಪ್ಪ ಕಪ್ಪು ಗೆರೆಯೊಂದು ಬಿದ್ದಿತ್ತು.

"ಬಂದ್ಯಾ ಮಗಾ? ನೋಡಿಲ್ಲಿ, ಅಳತೆ ತಗೊಂಡಿದ್ದಾರೆ. ಬೂಟು ಮಾಡಿಸಿ ಕೊಡ್ತಾರೇನೋ."

"ಯಾರಮ್ಮಾ ಹೇಳಿದ್ದು?"

"ಯಾರೂ ಹೇಳಿಲ್ಲ, ನಾನೇ ಅಂದ್ಕೊಂಡೆ. ಇಷ್ಟು ಮೇಲಕ್ಕೆ ಗೆರೆ ಎಳೆದ್ರೆ ಬೂಟಿಗಲ್ದೆ ಇನ್ಯಾತಕ್ಕೆ? ಆದ್ರೆ ಬೆಳಗ್ಗಿಂದ ಒಂದು ಗುಟುಕು ನೀರೂ ಕೊಟ್ಟಿಲ್ಲ ಕಣೇ. ಮರೆತುಬಿಟ್ರು ಅಂತ ಕಾಣುತ್ತೆ, ಪಾಪ."

ಮಗಳು ಬಗ್ಗಿ ಗೆರೆಯನ್ನು ನೋಡಿದಳು. ದೊಡ್ಡಿಯಲ್ಲಿ ಕಸಾಯಿಖಾನೆಯ ಲಾರಿಗೆ ಹತ್ತಬೇಕಾದ ಹಸುವಿನ ಹಿಂಗಾಲಿಗೆ ಬಣ್ಣದ ಗೆರೆ ಎಳೆಯುವುದು ಅವಳದೇ ಕೆಲಸ. ಆ ದಿನ ಬೆಳಗ್ಗೆ ಆ ಹಸುವಿಗೂ ಮೇವು ಹಾಕುವುದಿಲ್ಲ.

ಮಂಚದ ಕಾಲಿಗೆ ತೂಗುಹಾಕಿದ್ದ ಕಾಗದಗಳನ್ನು ಎಳೆದುಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಎಡಗಾಲು, ಮೊಣಕಾಲಿನ ಕೆಳಗೆ, ಕತ್ತರಿಸಿ ತೆಗೆಯುವುದು. ಸಮಯ ಇವತ್ತು ಮಧ್ಯಾಹ್ನ ಎರಡು. ದುಭಾಷಿಯ ಮೂಲಕ ವಿವರಿಸಲಾಗಿದೆ, ರೋಗಿ ಒಪ್ಪಿದ್ದಾರೆ. ಕೆಳಗೆ ಅಮ್ಮನ ಹೆಬ್ಬೆಟ್ಟು. ಅದರ ಪಕ್ಕದ ಚೌಕದಲ್ಲಿ, ಭಾಷೆ: ಫ್ರೆಂಚ್.

"ಅಮ್ಮಾ, ನಿನ್ನೆ ಯಾರಾದ್ರೂ ಬಂದು ಮಾತಾಡಿದ್ರಾ?"

"ಬಂದಿದ್ರಪ್ಪ. ಡಾಕ್ಟ್ರು ಬಂದು ಇಲ್ಲಿ ಒಂದು ಫೋನಿಟ್ರು. ಅದರೊಳಗಿಂದ ಒಬ್ಬ ಗಂಡಸು ಮಾತಾಡ್ದ, ನಿಮ್ಮ ಇಸ್ಕೂಲಿನ ಮೇಷ್ಟ್ರು ಮಾತಾಡ್ತಿದ್ರಲ್ಲ, ಆ ಭಾಷೆ. ದನಿ ಚೆನ್ನಾಗಿತ್ತು. ಎಷ್ಟೊತ್ತು ಮಾತಾಡ್ದ ಅಂತೀಯ!"

"ನೀನೇನಂದೆ?"

"ಏನನ್ನೋದು? ಹೂಂ, ಹೂಂ ಅಂದೆ. ಅಷ್ಟು ಹೊತ್ತು ಗಂಟಲು ಹರ್ಕೊಳ್ಳೋನ ಎದುರಿಗೆ ಗೋಡೆ ಥರ ಕೂರೋಕಾಗುತ್ತಾ? ಆಮೇಲೆ ಬೆರಳು ಒತ್ತು ಅಂದ್ರು, ಒತ್ತಿದೆ."

ಅವರ ಊರಿನಲ್ಲಿ ಯಾರೇ ಮಾತಾಡಲಿ, ಎದುರಿಗಿದ್ದವರು ಹೂಂಗುಡಬೇಕು. ಹೂಂಗುಡದಿದ್ದರೆ ಹೇಳುವವನಿಗೆ ಅವಮಾನ. ಹೂಂ ಅಂದರೆ ನೀನು ಹೇಳುತ್ತಿದ್ದೀಯ, ನಾನಿಲ್ಲಿದ್ದೇನೆ ಎಂದಷ್ಟೇ. ಹೆಣ್ಣು ಕೇಳಲು ಬಂದವರ ಮಾತಿಗೆಲ್ಲ ಹೂಂಗುಟ್ಟಿ, ಎಲ್ಲ ಮುಗಿದ ಮೇಲೆ "ಆಗೋದಿಲ್ಲ" ಎಂದು ಒಂದೇ ಮಾತಿನಲ್ಲಿ ಎಬ್ಬಿಸಿ ಕಳಿಸಿದವಳು ಇದೇ ಅಮ್ಮ. ನಿನ್ನೆ ಆ ಮಾತಿಗೆ ಯಾರೂ ಕಾದಿರಲಿಲ್ಲ.

ಮಗಳು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದಳು.

ಕೆಳಗಿನ ಕೌಂಟರಿನ ಹೆಂಗಸಿನ ಹಿಂದೆ ಗೋಡೆಯುದ್ದದ ಪ್ರಪಂಚದ ನಕ್ಷೆ. ಲ್ಯಾಟಿನ್ನಿನಿಂದ ಹುಟ್ಟಿದ ಭಾಷೆಗಳು ಎಲ್ಲೆಲ್ಲಿ ಇವೆಯೆಂದು ಅದರಲ್ಲಿ ಬಣ್ಣ ಬಳಿದಿತ್ತು. ಮೆಕ್ಸಿಕೋದಿಂದ ಕೆಳಗೆ ದಕ್ಷಿಣದ ತುದಿಯವರೆಗೆ ಹೆಚ್ಚುಕಡಿಮೆ ಎಲ್ಲ ಕೆಂಪು, ಅದು ಸ್ಪ್ಯಾನಿಷ್. ನಡುವೆ ಬ್ರೆಜಿಲ್ ಪೋರ್ಚುಗೀಸಿನ ಹಸಿರು. ಅದೇ ಹಸಿರು ಸಮುದ್ರ ದಾಟಿ ಆಫ್ರಿಕಾದ ಎರಡೂ ಪಕ್ಕದಲ್ಲಿ. ಇಟಲಿಗೆ ಕಿತ್ತಳೆ, ರೊಮೇನಿಯಾಕ್ಕೆ ಹಳದಿ. ಆಫ್ರಿಕಾದ ಪಶ್ಚಿಮದಿಂದ ನಡುಮಧ್ಯದವರೆಗೆ ಬಕೆಟ್ಟಿನಲ್ಲಿ ಎರಚಿದ ಹಾಗೆ ಫ್ರೆಂಚಿನ ನೀಲಿ. ಅವಳ ದೇಶ ಆ ನೀಲಿಯೊಳಗೆ ಎಲ್ಲೋ ಮುಳುಗಿತ್ತು.

"ನಮ್ಮಮ್ಮನಿಗೆ ಫ್ರೆಂಚ್ ಬರುತ್ತೆ ಅಂತ ನಿಮಗೆ ಯಾರು ಹೇಳಿದ್ರು?"

"ಯಾಕಮ್ಮ ಕೂಗ್ತೀರ? ನಿಮ್ಮ ದೇಶ ಇದೇ ತಾನೆ?" ಹೆಂಗಸು ಪೆನ್ನಿನ ತುದಿಯನ್ನು ನಕ್ಷೆಗೆ ಇಟ್ಟಳು. "ನೀಲಿ. ನೀಲಿ ಅಂದ್ರೆ ಫ್ರೆಂಚ್. ಐದು ಬಣ್ಣ, ಐದು ಜನ ದುಭಾಷಿಗಳು, ಅರ್ಧ ಪ್ರಪಂಚ ಸಂಭಾಳಿಸ್ತಾ ಇದ್ದೀವಿ ಇಲ್ಲಿ."

"ಸಂಭಾಳಿಸ್ತೀರಾ? ಆ ನೀಲಿ ಬಳಿದೋನು ನಮ್ಮೂರಿಗೆ ಬಂದಿದ್ನಾ? ನಮ್ಮೂರಲ್ಲಿ ಫ್ರೆಂಚ್ ಆಡೋನು ಒಬ್ಬ ಮೇಷ್ಟ್ರು, ಇನ್ನೊಬ್ಬ ಪೊಲೀಸು. ಇಬ್ರಲ್ಲಿ ಯಾರು ಬಂದ್ರೂ ನಮ್ಮಮ್ಮ ಬಾಗಿಲು ಹಾಕ್ಕೋತಿದ್ಲು. ಗೊತ್ತಿಲ್ಲದ ಭಾಷೇಲಿ ಒಬ್ಬಳನ್ನ ಕೇಳಿ ಕಾಲು ಕಡೀತೀರಲ್ಲ, ನಾವು ಹಸು ಕಡಿಯೋಕೂ ಎರಡು ಸಲ ಅದರ ಕಿವಿಯ ಚೀಟಿ ನೋಡ್ತೀವಿ!"

ಕುರ್ಚಿಗಳಲ್ಲಿ ಕೂತಿದ್ದವರು ತಿರುಗಿ ನೋಡಿದರು. ಕೌಂಟರಿನ ಹೆಂಗಸಿನ ಮುಖ ಕೆಂಪೇರಿತು.  ಫೈಲು ತೆಗೆದು ಮೊದಲ ಹಾಳೆ ಬಿಡಿಸಿ ಮುಂದೆ ಸರಿಸಿದಳು.

"ಇದು ಯಾರ ಅಕ್ಷರ?"

ಭಾಷೆ: ಫ್ರೆಂಚ್. ಅದು ಮಗಳದೇ ಅಕ್ಷರ. ಬಾಲ ಎತ್ತಿದ ಆ ಗುಂಡು ಅಕ್ಷರಗಳನ್ನು ಆರನೇ ಕ್ಲಾಸಿನವರೆಗೆ ಮೇಷ್ಟ್ರು ಬೆತ್ತ ಹಿಡಿದು ತಿದ್ದಿಸಿದ್ದರು.

ಅಮ್ಮನನ್ನು ಸೇರಿಸಿದ ದಿನ ಈ ಹೆಂಗಸು "ಭಾಷೆ?" ಎಂದು ಕೇಳಿದ್ದಳು, ನಕ್ಷೆಯ ಕಡೆ ಕೈ ತೋರಿಸಿದ್ದಳು. ಇವಳು ಹೂಂ ಅಂದು, ಪೆನ್ನು ತೆಗೆದುಕೊಂಡು, ಒಂದಿಷ್ಟು ಜಂಬದಿಂದಲೇ ಬರೆದಿದ್ದಳು. ಕಾಗದ, ಕೌಂಟರು, ಸಹಿ ಎಂದರೆ ಅವಳ ಕೈ ತಾನಾಗಿ ಫ್ರೆಂಚಿನ ಕಡೆ ಹೊರಳುತ್ತಿತ್ತು. ಇಸ್ಕೂಲಿನಲ್ಲಿ ಮನೆಯ ಮಾತು ಆಡಿ ಸಿಕ್ಕಿಬಿದ್ದವರ ಕೊರಳಿಗೆ ಮೇಷ್ಟ್ರು ಮರದ ತುಂಡು ಕಟ್ಟುತ್ತಿದ್ದರು. ಸಂಜೆ ಅದು ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಏಟು. ಇನ್ನೊಬ್ಬರು ಬಾಯಿ ತಪ್ಪಿ ಆಡುವುದನ್ನು ಹೊಂಚಿ ಕೇಳಿಸಿಕೊಂಡು ತುಂಡನ್ನು ಅವರ ಕೊರಳಿಗೆ ದಾಟಿಸಬೇಕು. ಅವಳು ದಾಟಿಸುವುದರಲ್ಲಿ ಬಲು ಚುರುಕು. ಒಮ್ಮೆ ಸ್ವಂತ ತಂಗಿಗೇ ದಾಟಿಸಿದ್ದಳು.

 ನಕ್ಷೆಯ ಮೇಲಿನ ಸಿಟ್ಟು, ಮೇಷ್ಟ್ರ ಮೇಲಿನ ಸಿಟ್ಟು, ಎದುರಿನ ಹೆಂಗಸಿನ ಮೇಲಿನ ಸಿಟ್ಟು ಎಲ್ಲ ತಿರುಗಿ ಬಂದು ತನ್ನ ಎದೆಯನ್ನೇ ಗುದ್ದಿತು. ಆದರೂ ಸಿಟ್ಟು ಇಳಿಯಲಿಲ್ಲ.

"ನನ್ನದೇ ಅಕ್ಷರ," ಎಂದಳು. "ನಾನು ಕತ್ತೆ. ಆದ್ರೆ ಕತ್ತೆ ಬರೆದದ್ದನ್ನ ನಂಬಿ ಕಾಲು ಕಡಿಯೋಕೆ ಹೊರಟೋರಿಗೆ ಏನನ್ನಬೇಕು? ಕರೀರಿ ಡಾಕ್ಟರನ್ನ. ಕರೆಯೋ ತನಕ ಈ ಕೌಂಟರು ಬಿಟ್ಟು ಕದಲೋದಿಲ್ಲ."

ಸರ್ಜನ್ ಬಂದಾಗ ಒಂದು ಗಂಟೆ ದಾಟಿತ್ತು. ಊಟದ ನಡುವಿನಿಂದ ಎದ್ದು ಬಂದಿದ್ದ ಎಂದು ಅವನ ತುಟಿಗಂಟಿದ ಬ್ರೆಡ್ಡಿನ ಚೂರು ಹೇಳುತ್ತಿತ್ತು. ಕೆಟ್ಟ ಮನುಷ್ಯನಲ್ಲ. ಮಗಳ ಜೊತೆ ಮೇಲೆ ಬಂದು ಅಮ್ಮನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತ.

"ಫೋನಿನಲ್ಲಿ ಕೇಳಿದ ಪ್ರಶ್ನೆಗೆಲ್ಲ ಇವರು ಹೂಂ ಅಂದ್ರಮ್ಮ. ದುಭಾಷಿಗೂ ಅನುಮಾನ ಬರಲಿಲ್ಲ."

"ಇನ್ನೊಂದು ಸಲ ಹೇಳಿ. ಮೊದಲಿಂದ. ನಾನು ಅವಳಿಗೆ ಹೇಳ್ತೀನಿ."

ಅವನು ಹೇಳಿದ. ಹುಣ್ಣು ಮೂಳೆಗೆ ಇಳಿದಿದೆ. ಔಷಧಿಗೆ ಬಗ್ಗುತ್ತಿಲ್ಲ. ತೆಗೆಯದಿದ್ದರೆ ವಿಷ ಮೇಲೇರುತ್ತದೆ, ಜೀವಕ್ಕೇ ಬರುತ್ತದೆ. ತೆಗೆದರೆ ಮರಗಾಲು ಹಾಕಬಹುದು. ಮಗಳು ಒಂದೊಂದನ್ನೂ, ಕಾಗದದಲ್ಲಿ ಅಮ್ಮನ ಭಾಷೆ ಫ್ರೆಂಚ್ ಎಂದು ಬರೆದಿರುವುದನ್ನೂ, ಊರಿನ ಮಾತಿಗೆ ತಂದಳು. ಮೂಳೆಗೆ, ವಿಷಕ್ಕೆ, ಕತ್ತರಿಸುವುದಕ್ಕೆ ಅಲ್ಲಿ ಮರೆಮಾಚುವ ಶಬ್ದಗಳಿರಲಿಲ್ಲ. ದನಕ್ಕೂ ಮನುಷ್ಯರಿಗೂ ಒಂದೇ ಶಬ್ದ.

ಅಮ್ಮ ಒಮ್ಮೆಯೂ ಹೂಂ ಅನ್ನಲಿಲ್ಲ.

ಸರ್ಜನ್ನಿಗೆ ಆ ಮೌನ ಹಿಡಿಸಲಿಲ್ಲ. "ಅವರಿಗೆ ಕೇಳಿಸ್ತಾ ಇದೆಯಾ?"

"ಈ ಸಲ ಕೇಳಿಸ್ತಾ ಇದೆ."

ಅಮ್ಮ ಕಪ್ಪು ಗೆರೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿದ್ದು ಡಾಕ್ಟರ ಕಡೆಗಲ್ಲ, ಮಗಳ ಕಡೆಗೆ.

"ಆ ಫೋನಿನೊಳಗಿನ ಭಾಷೆ ನನ್ನದು ಅಂತ ಬರೆದೋರು ಯಾರು?"

"ನಾನು."

"ನಾಚಿಕೆ ಆಯ್ತೇನೇ ನಮ್ಮ ಮಾತಿನ ಹೆಸರು ಹೇಳೋಕೆ? ಮೂವತ್ತು ವರ್ಷ ಆಯ್ತು ಇಸ್ಕೂಲು ಬಿಟ್ಟು. ಆ ಮರದ ತುಂಡು ಇನ್ನೂ ಬಿಚ್ಚಿಲ್ಲ ನೀನು. ಈಗ ತಂದು ನನ್ನ ಕಾಲಿಗೆ ಕಟ್ಟಿದೀಯ."

ಮಗಳು ಅಮ್ಮನ ಕಾಲ ಕೆಳಗಿನ ದಿಂಬನ್ನು ಸರಿಪಡಿಸಿದಳು. 

"ಏನಂತಾರೆ?" ಎಂದ ಸರ್ಜನ್.

"ನನ್ನನ್ನ ಬೈತಿದ್ದಾಳೆ. ನಿಮ್ಮ ಸರದಿ ಇನ್ನೂ ಬಂದಿಲ್ಲ, ಇರಿ."

ಬಂತು. ಅಮ್ಮ ಅವನತ್ತ ತಿರುಗಿ ನಿಧಾನವಾಗಿ, ಪಂಚಾಯಿತಿಯಲ್ಲಿ ಮಾತಾಡುವ ಹಾಗೆ, ತಡೆದು ತಡೆದು ಹೇಳಿದಳು. ಮಗಳು ಹಿಂದೆ ಹಿಂದೆಯೇ ಹೇಳುತ್ತ ಹೋದಳು.

"ಇವತ್ತು ಆಗೋದಿಲ್ಲ ಅಂತಾಳೆ. ಎಪ್ಪತ್ತೊಂದು ವರ್ಷ ಹೊತ್ತ ಕಾಲಂತೆ. ಹೋಗೋದೇ ಆದ್ರೆ ಹೋಗ್ಲಿ, ಆದ್ರೆ ಇವತ್ತೊಂದು ದಿನ ಅವಳ ಹತ್ರ ಇರ್ಬೇಕಂತೆ. ನಾಳೆ ಬೆಳಗ್ಗೆ ನೀವು ಬಂದು ಕೇಳ್ಬೇಕು. ಹೂಂ ಅಂದ್ರೆ ಲೆಕ್ಕಕ್ಕಿಲ್ಲ. ಕಡಿ ಅಂತ ಬಾಯಿಬಿಟ್ಟು ಅಂದ್ರೆ ಮಾತ್ರ ಕಡೀಬೇಕು. ಮೊದಲು ಅನ್ನ ನೀರು ಕೊಡಿಸಿ ಅಂತಾಳೆ. ಆ ಗೆರೆ ಈಗಲೇ ಅಳಿಸಬೇಕಂತೆ. ನಾಳೆ ಅವಳು ಎಚ್ಚರ ಇರೋವಾಗ, ಅವಳ ಕಣ್ಣೆದುರಿಗೆ ಎಳೀಬೇಕಂತೆ."

ಸರ್ಜನ್ ಗಡಿಯಾರ ನೋಡಿದ. "ನಾಳೆ ಎಂಟಕ್ಕೆ ಬರ್ತೀನಿ. ಅದಕ್ಕಿಂತ ತಡ ಮಾಡೋಕಾಗಲ್ಲ, ಅದನ್ನೂ ಹೇಳಿ ಅವರಿಗೆ," ಎಂದು ಎದ್ದ.

ಮಗಳು ಅವನ ಜೇಬಿನ ಪೆನ್ನು ಕೇಳಿ ತೆಗೆದುಕೊಂಡಳು. ಮಂಚಕ್ಕೆ ತೂಗುಹಾಕಿದ್ದ ಒಪ್ಪಿಗೆಯ ಕಾಗದದಲ್ಲಿ, ಹಾಳೆ ಹರಿಯುವ ಹಾಗೆ ಫ್ರೆಂಚನ್ನು ಹೊಡೆದು ಹಾಕಿ, ಚೌಕ ಸಾಲದೆ ಅಂಚಿನವರೆಗೆ, ಊರಿನ ಮಾತಿನ ಹೆಸರು ಬರೆದಳು. ಬರವಣಿಗೆಯಲ್ಲಿ ಅದನ್ನು ಅವಳು ಎಂದೂ ಕಂಡಿರಲಿಲ್ಲ. ಕಿವಿಗೆ ಕೇಳಿದಂತೆ ಬರೆದಳು.

ಆಮೇಲೆ ನರ್ಸಿನ ಹತ್ತಿರ ಸ್ಪಿರಿಟ್ಟು, ಹತ್ತಿ ಇಸಿದುಕೊಂಡು ಮಂಚದ ತುದಿಯಲ್ಲಿ ಕೂತು ಗೆರೆಯನ್ನು ತಿಕ್ಕತೊಡಗಿದಳು. ಶಾಯಿ ಹಟಮಾರಿ, ಚರ್ಮದ ಸುಕ್ಕುಗಳಿಗೆ ಇಳಿದುಬಿಟ್ಟಿತ್ತು. ಹತ್ತಿ ಕಪ್ಪಾಯಿತು, ಇನ್ನೊಂದು ಉಂಡೆ ತೆಗೆದುಕೊಂಡಳು, ಹಲ್ಲು ಕಚ್ಚಿ ತಿಕ್ಕಿದಳು.

"ಮೆಲ್ಲಗೇ," ಎಂದಳು ಅಮ್ಮ. ದನಿಯ ಬಿಸಿ ಇನ್ನೂ ಆರಿರಲಿಲ್ಲ. "ದೊಡ್ಡಿ ಹಸುವಿನದಲ್ಲ ಇದು, ನನ್ನ ಕಾಲು."